ಹಟ್ಟಿ ಹಿಂದಿನ ಎಲೆ

ಟಾರು ರಸ್ತೆ ತೋಟದ ಒಡೆಯ ರಾಜೀವರ ಹೆಬ್ಬಾಗಿಲಿಗೆ ಬಂದು ಮುಗಿಯುತ್ತದೆ. ಅಲ್ಲಿಂದ ಮುಂದೆ ಕಾಲುದಾರಿ. ಅದು ರಬ್ಬರು ತೋಟದ ನಡುವೆ ಒಂದೂವರೆ ಮೈಲಿ ಏರಿ, ಒಂದು ತೋಡಿನ ನೀರನ್ನು ದಾಟಿ, ಕಲ್ಲುಗುಡ್ಡೆಯ ನೆತ್ತಿಯ ಆರು ಮನೆಗಳನ್ನು ಮುಟ್ಟುತ್ತದೆ. ಕೆಳಗಿನ ಯಡ್ತರೆ ಊರಿನವರು ಆ ಆರು ಮನೆಗಳಿಗೆ ಕೊರಗರ ಕಾಲೊನಿ ಎನ್ನುತ್ತಾರೆ. ಸರಕಾರದ ಕಾಗದದಲ್ಲಿ ಅವರು ಈ ನೆಲದ ಮೂಲನಿವಾಸಿಗಳು. ನೆಲದ ಪಹಣಿಯಲ್ಲಿ ಅವರ ಹೆಸರಿಲ್ಲ.

ಸೀತು ಅಲ್ಲಿಯೇ ಹುಟ್ಟಿದವಳು. ಅವಳ ತಾಯಿಯ ಕಾಲದಲ್ಲಿ ಗುಡ್ಡೆಯೆಲ್ಲ ದಟ್ಟ ಮರಗಳ ಹಾಡಿಯಾಗಿತ್ತು. ಹಾಡಿಯೇ ಅವರ ಉಗ್ರಾಣ. ಬೇಸಗೆಯಲ್ಲಿ ಕಾಡುಗೆಣಸು. ಮೊದಲ ಗುಡುಗಿಗೆ ಅಣಬೆ. ತೋಡಿನಲ್ಲಿ ಏಡಿ. ತೇವದ ಅಂಚಿನಲ್ಲಿ ಒಂದೆಲಗ, ಚಗಟೆ ಸೊಪ್ಪು. ಬುಟ್ಟಿ ಹೆಣೆಯಲು ಬಳ್ಳಿ. ಆಮೇಲೆ ರಾಜೀವರ ಪುಣೆಯ ಹೋಟೆಲುಗಳು ಬೆಳೆದವು, ಹಾಡಿ ಮಲಗಿತು. ರಬ್ಬರು ಎದ್ದಿತು. ಅದರ ನೆರಳಿನಲ್ಲಿ ಹುಲ್ಲು ಕೂಡ ಏಳಲಿಲ್ಲ. ಕಳೆಗೆ ಔಷಧ ಹೊಡೆದ ವರ್ಷ ತೋಡಿನ ಏಡಿಗಳು ಹೊಟ್ಟೆ ಮೇಲಾಗಿ ತೇಲಿದವು. ಯಾರ ಬಾಯಿಗೂ ಏನನ್ನೂ ಕೊಡದ ಮರವನ್ನು ಸೀತು ಅದುವರೆಗೆ ಕಂಡಿರಲಿಲ್ಲ.

ಈಗ ಆರು ಒಲೆಗಳ ಮೇಲೆ ಬೇಯುವುದು ಪಡಿತರದ ಅಕ್ಕಿಯ ಗಂಜಿ. ಗಂಜಿಗೆ ಉಪ್ಪು, ಸುಟ್ಟ ಮೆಣಸು. ತರಕಾರಿ ಬೇಕೆಂದರೆ ಬೈಂದೂರಿಗೆ ಹೋಗಬೇಕು. ಹೋಗಿ ಬಂದರೆ ಅಂದಿನ ಕೂಲಿ ಇಲ್ಲ. ಉಪ್ಪುಂದದ ಮೀನಿನ ಗಾಡಿ ಹೆಬ್ಬಾಗಿಲವರೆಗೆ ಬಂದು ಹಾರ್ನ್ ಹೊಡೆದು ತಿರುಗುತ್ತದೆ. ಹಾರ್ನ್ ಗುಡ್ಡೆಯ ಮೇಲೆ ಸ್ಪಷ್ಟವಾಗಿ ಕೇಳಿಸುತ್ತದೆ. ಓಡಿ ಇಳಿಯುವಷ್ಟರಲ್ಲಿ ಗಾಡಿ ಇರುವುದಿಲ್ಲ.

ಸರಕಾರ ಅವರಿಗೆಂದು ತಿಂಗಳಿಗೊಮ್ಮೆ ಪೌಷ್ಟಿಕ ಆಹಾರದ ಚೀಲ ಕಳಿಸುತ್ತದೆ. ತೊಗರಿಬೇಳೆ, ಹೆಸರುಕಾಳು, ಕಡಲೆ, ಬೆಲ್ಲ, ಎಣ್ಣೆ, ತುಪ್ಪ, ಮೊಟ್ಟೆ. ಮನೆಗೊಂದು ಚೀಲ. ತರುವ ಗಾಡಿಯೂ ಹೆಬ್ಬಾಗಿಲಲ್ಲೇ ನಿಲ್ಲುತ್ತದೆ. ಚಾಲಕ ಆರು ಚೀಲಗಳನ್ನು ರಾಜೀವರ ಜಗಲಿಯಲ್ಲಿ ಒಟ್ಟುತ್ತಾನೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾನೆ, ಹೊರಡುತ್ತಾನೆ. ಚಿತ್ರದ ಪ್ರಕಾರ ಆಹಾರ ತಲುಪಿತು. ಜಗಲಿಯಿಂದ ಹೊಟ್ಟೆಗೆ ಇರುವ ದೂರವನ್ನು ಅಳೆಯುವವರು ರಾಜೀವರ ಹೆಂಡತಿ ಹರಿಣಾಕ್ಷಿಯಮ್ಮ.

ಹರಿಣಾಕ್ಷಿಯಮ್ಮ ಚೀಲವಿಲ್ಲ ಎಂದು ಎಂದೂ ಅಂದವರಲ್ಲ. ಸುಮ್ಮನೆ ಕೊಟ್ಟವರೂ ಅಲ್ಲ. ಮೊದಲು ದನದ ಹಟ್ಟಿಯ ಗೊಬ್ಬರ ಹೊರಬೇಕು. ಅಂಗಳ ಗುಡಿಸಬೇಕು. ಬಚ್ಚಲ ಚರಂಡಿಯ ಕೆಸರನ್ನು ಕೈಯಿಂದ ಬಾಚಬೇಕು. ಸಂಜೆಗೆ ಚೀಲ ಹೊರಬರುತ್ತದೆ, ನಮ್ಮನೆಯಿಂದ ಕೊಟ್ಟದ್ದು ಎಂಬ ಮಾತಿನೊಡನೆ. ಸೊಂಟ ಬಗ್ಗಿಸಿ ತೆಗೆದುಕೊಳ್ಳಬೇಕು.

ಸೀತುವಿನ ಮಗಳು ಸರೋಜ ಏಳು ತಿಂಗಳ ಬಸುರಿ. ಅವಳ ಗಂಡ ರತೀಶ ಬೈಂದೂರಿನ ಚರಂಡಿ ಬಳಿಯುತ್ತಾನೆ. ನಸುಕಿಗೆ ಇಳಿದರೆ ಸಂಜೆಗೆ ಏರುತ್ತಾನೆ. ಸರೋಜಳ ಉಗುರು ಬಿಳಿ, ಕಣ್ಣಿನ ಒಳರೆಪ್ಪೆ ಬಿಳಿ. ನಾಲ್ಕು ಹೆಜ್ಜೆಗೆ ಏದುಸಿರು. ಉಪಕೇಂದ್ರದ ನರ್ಸ್ ಚಂದನಾ ಎರಡು ಬಾರಿ ಗುಡ್ಡೆ ಹತ್ತಿ ಬಂದಿದ್ದಳು. ಎರಡನೆಯ ಬಾರಿ ಬೆರಳು ಚುಚ್ಚಿ ನೋಡಿ ರಕ್ತ ಆರೇ ಇದೆ ಎಂದಳು, ಹನ್ನೊಂದಾದರೂ ಇರಬೇಕಿತ್ತು. ಆಮೇಲೆ ಸೀತುವನ್ನು ಹೊರಗೆ ಕರೆದಳು.

“ಮಾತ್ರೆ ಒಂದ್ರಲ್ಲೇ ಆತಿಲ್ಲ ಸೀತಕ್ಕ. ದಿನಾ ಮೊಟ್ಟಿ, ಬೇಳಿ, ಸೊಪ್ಪ್ ಹೊಟ್ಟಿಗ್ ಹೋಯ್ಕ್. ಹೀಂಗೇ ಆರೆ ಹೆರಿಗೆ ಹೊತ್ತಿಗೆ ನನ್ ಕೈಲಿ ಎಂತದೂ ಇಲ್ಲ.”

ಸೀತು ತಲೆಯಾಡಿಸಿದಳು. ಅವಳು ಹೆತ್ತದ್ದು ಮೂರು. ಉಳಿದದ್ದು ಸರೋಜ.

ಆ ತಿಂಗಳ ಚೀಲ ಬಂದು ಮೂರು ವಾರವಾಗಿತ್ತು. ಸೀತು ಮೂರು ಬಾರಿ ಇಳಿದು ಕೇಳಿದಳು. ಒಡೇರು ಊರಲ್ಲಿಲ್ಲ ಎಂದರು. ಕೋಣೆಯ ಕೀಲಿ ಸಿಗಲಿಲ್ಲ ಎಂದರು. ಮೂರನೆಯ ಬಾರಿ ಹರಿಣಾಕ್ಷಿಯಮ್ಮ ಬಾಗಿಲಿಗೇ ಬರಲಿಲ್ಲ. ಆ ಬಳಿಕ, ತೋಟದಲ್ಲಿ ರಬ್ಬರು ಕೆತ್ತುವ ಕಾಲೊನಿಯ ಸುಬ್ಬನ ಕೈಯಲ್ಲಿ ಹೇಳಿಕೆ ಬಂತು. ಶುಕ್ರವಾರ ಮನೆಯಲ್ಲಿ ಸೊಸೆ ಶ್ರೀಲತಾಳ ಸೀಮಂತ. ಸರೋಜ ಬರಬೇಕು. ಊಟ ಮಾಡಬೇಕು. ಅವಳು ಉಂಡ ಮೇಲೆ ಆರೂ ಮನೆಯ ಚೀಲ ಒಟ್ಟಿಗೇ ಕೊಡುತ್ತಾರೆ. ಬೇರೆ ಯಾರು ಬಂದರೂ ಆಗದು.

ಸೀತುವಿಗೆ ಅರ್ಥವಾಯಿತು. ಸುಬ್ಬನಿಗೂ ಅರ್ಥವಾಗಿತ್ತು, ಅವನು ಮುಖವೆತ್ತಲಿಲ್ಲ.

ಅದಕ್ಕೆ ಅಜಲು ಎಂದು ಹೆಸರು. ದೊಡ್ಡ ಮನೆಯಲ್ಲಿ ಬಸುರಿ ಇದ್ದರೆ, ಕಾಯಿಲೆಯ ಮಗುವಿದ್ದರೆ, ಅವರ ಕೂದಲನ್ನೂ ಉಗುರನ್ನೂ ಅನ್ನದಲ್ಲಿ ಕಲಸಿ ಕೊರಗರಿಗೆ ಉಣ್ಣಿಸುವುದು. ಅವರ ದೋಷ ಇವರ ಹೊಟ್ಟೆಗೆ ಇಳಿಯುತ್ತದೆಂಬ ನಂಬಿಕೆ. ಕಾನೂನು ಅದನ್ನು ಅಪರಾಧವೆಂದು ಸಾರಿ ಇಪ್ಪತ್ತೈದು ವರ್ಷವಾಯಿತು. ಕಾನೂನು ಬಂದ ಮೇಲೆ ಅದು ಅಂಗಳದಿಂದ ಹಟ್ಟಿಯ ಹಿಂದಕ್ಕೆ ಸರಿಯಿತು. ರಾಜೀವರದು ಅನ್ನವನ್ನು ದೇವರ ಮುಂದಿಟ್ಟು ಕೈಮುಗಿದು ಉಣ್ಣುವ ಮನೆ. ಅದೇ ಅನ್ನಕ್ಕೆ ಉಗುರು ಬೆರೆಸುವಾಗ ಅಲ್ಲಿ ಒಂದು ಕೈಯೂ ಹಿಂಜರಿಯಲಿಲ್ಲ.

ಸೀತು ಅದನ್ನು ಉಂಡವಳು. ಆಗ ಅವಳಿಗೆ ಹನ್ನೆರಡು ವರ್ಷ. ಕೂದಲೊಂದು ಗಂಟಲಲ್ಲಿ ಅಡ್ಡ ನಿಂತು ಕಣ್ಣು ಕತ್ತಲಿಟ್ಟಿತ್ತು. ತಾಯಿ ಬೆನ್ನು ತಿಕ್ಕುತ್ತ, ಉಗುಳಬೇಡ, ಅವರು ನೋಡುತ್ತಿದ್ದಾರೆ, ನುಂಗು ಎಂದಿದ್ದಳು. ಸೀತು ನುಂಗಿದಳು. ಮುಂದೆ ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟಾಗ, ಅಂದು ನುಂಗಿದ್ದೇ ಒಳಗೆ ಕುಳಿತು ತಿಂದಿತೆಂದು ಅವಳು ನಂಬಿದ್ದಳು. ರಕ್ತವಿರಲಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರು. ಅವಳು ಎರಡನ್ನೂ ನಂಬಿದಳು.

ಶ್ರೀಲತಾಳ ಗರ್ಭ ಎರಡು ಬಾರಿ ಇಳಿದಿತ್ತು. ಈಗ ಏಳನೆಯ ತಿಂಗಳು. ಮನೆಯಲ್ಲಿ ಜೋಯಿಸರನ್ನು ಕರೆಸಿ ಪ್ರಶ್ನೆ ಇಟ್ಟು ಕೇಳಿದ್ದರಂತೆ. ತುಂಬಿದ ಹೊಟ್ಟೆಯ ದೋಷ ತುಂಬಿದ ಹೊಟ್ಟೆಗೇ ಇಳಿಯಬೇಕು ಎಂದು ಬಂದಿತಂತೆ. ಇದನ್ನೂ ಸುಬ್ಬನೇ ಹೇಳಿದ. ಹೇಳಿ, ಆರು ಮನೆಗಳಲ್ಲಿ ಮಕ್ಕಳಿದ್ದಾವೆ ಎಂದು ಸೇರಿಸಿದ. ಯಾರೂ ಸರೋಜಳನ್ನು ನೋಡಲಿಲ್ಲ.

ಸರೋಜ ಹತ್ತನೆಯ ತರಗತಿ ಓದಿದವಳು. ಅವಳಿಗೆ ನಗು ಬಂತು, ತಾಯಿಯ ಕಡೆ ತಿರುಗಿದಳು.

“ಕೂದ್ಲಲ್ಲಿ ಎಂತ ದೋಷ ಇರತ್ತ್ ಅಬ್ಬಿ? ಅದ್ ಕೂದ್ಲ್ ಅಷ್ಟೆ. ನಂಗೆ ಮೊಟ್ಟಿ ಬೇಕ್.”

ಸೀತು ತಾನೇ ಉಂಡು ಬರುವುದೆಂದು ಮನಸ್ಸಿನಲ್ಲಿ ತೀರ್ಮಾನಿಸಿದಳು.

ಶುಕ್ರವಾರ ಮಧ್ಯಾಹ್ನ ಅವರು ಇಳಿದರು. ಮಳೆಗಾಲ ಇನ್ನೂ ಕಾಲಿಟ್ಟಿರಲಿಲ್ಲ. ಪಡುವಣದಲ್ಲಿ, ಕಡಲಿನ ಮೇಲೆ, ಮೋಡ ಕಪ್ಪಾಗಿ ಕುಳಿತಿತ್ತು. ಗಾಳಿಯಿಲ್ಲ. ರಬ್ಬರಿನ ಎಲೆ ಅಲುಗಲಿಲ್ಲ. ಸರೋಜ ಐದು ಕಡೆ ನಿಂತು ಉಸಿರೆಳೆದಳು. ಚೀಲ ಹೊರಲೆಂದು ಸುಬ್ಬನೂ ನಾಲ್ವರು ಹೆಂಗಸರೂ ಹಿಂದೆ ಬಂದರು. ಅವರು ಹೆಬ್ಬಾಗಿಲ ಹೊರಗೆ ಕುಕ್ಕುರುಗಾಲಿನಲ್ಲಿ ಕುಳಿತರು.

ಮುಂದಿನ ಅಂಗಳದಲ್ಲಿ ಚಪ್ಪರ. ನೆಂಟರ ಕಾರುಗಳು. ಜಗಲಿಯಲ್ಲಿ ಪಂಕ್ತಿ ಕುಳಿತಿತ್ತು. ತುಪ್ಪದಲ್ಲಿ ಹುರಿದ ಗೋಡಂಬಿಯ ಪರಿಮಳ ಹೊರಗಿನವರೆಗೂ ಬಂತು. ತಾಯಿ ಮಗಳು ಅತ್ತ ಹೋಗಲಿಲ್ಲ. ಅವರ ದಾರಿ ಬೇರೆ. ಮನೆಯ ಎಡಕ್ಕೆ ಬಳಸಿ, ಬಚ್ಚಲು ದಾಟಿ, ಹಟ್ಟಿಯ ಹಿಂದಕ್ಕೆ.

ಗೊಬ್ಬರದ ಗುಂಡಿಯ ಪಕ್ಕದಲ್ಲಿ ಬರಿನೆಲದ ಮೇಲೆ ಬಾಳೆಯೆಲೆ ಹಾಕಿತ್ತು. ಒಂದೇ ಎಲೆ. ಅನ್ನ, ಸಾರು, ಪಲ್ಯ, ಪಾಯಸ ಎಲ್ಲವೂ ಬಡಿಸಿ ಆಗಿತ್ತು. ನೊಣ ಕುಳಿತಿತ್ತು. ಹರಿಣಾಕ್ಷಿಯಮ್ಮ ರೇಷ್ಮೆ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು. ಅವರ ದನಿಯಲ್ಲಿ ಅಂದು ವಿಶೇಷವಾದ ಪ್ರೀತಿಯಿತ್ತು.

“ಬಂದ್ಯಾ ಸರೋಜ. ಕೂಕೊ. ಹೊಟ್ಟಿ ತುಂಬ ಉಣ್. ಈ ಹೊತ್ತಲ್ಲಿ ಬೇಕಾದ್ದೆಲ್ಲ ಉಣ್ಕ್.”

ಸೀತು ಎಲೆಗೂ ಮಗಳಿಗೂ ನಡುವೆ ಕುಳಿತಳು. “ಅವ್ಳಿಗೆ ವಾಂತಿ, ಅಮ್ಮ. ನಾನ್ ಉಣ್ತೆ.”

“ನೀನ್ ಉಂಡ್ರೆ ಎಂತ ಬಂತ್? ನಿನ್ ಹೊಟ್ಟಿ ಒಳ್ಗೆ ಎಂತ ಇತ್ತ್?”

ಮಾತು ಜಾರಿತೆಂದು ಹರಿಣಾಕ್ಷಿಯಮ್ಮನಿಗೆ ತಿಳಿಯಿತು. ಅವರು ನಕ್ಕರು. ಆ ನಗು ತುಟಿಯಿಂದ ಮೇಲೆ ಏರಲಿಲ್ಲ. ಅಡುಗೆಮನೆಯ ಕಿಟಕಿಯ ಸರಳಿನಾಚೆ ಶ್ರೀಲತಾ ನಿಂತಿದ್ದಳು. ಮುಡಿ ತುಂಬ ಮಲ್ಲಿಗೆ, ಕೈ ತುಂಬ ಹಸಿರು ಬಳೆ. ಅವಳ ಕಣ್ಣು ಸರೋಜಳ ಹೊಟ್ಟೆಯ ಮೇಲಿತ್ತು. ಅವಳಿಗೂ ಹೆದರಿಕೆಯಿತ್ತು. ಆದರೆ ಅವಳು ಕಿಟಕಿ ಬಿಟ್ಟು ಹೋಗಲಿಲ್ಲ; ಬೇಡವೆಂದೂ ಅನ್ನಲಿಲ್ಲ.

ಸೀತು ಅನ್ನದೊಳಗೆ ಕೈಯಿಟ್ಟಳು. ಒಂದು ಬಳ್ಳಿಯನ್ನು ಎಂಟಾಗಿ ಸೀಳಿ ಬುಟ್ಟಿ ಹೆಣೆದ ಬೆರಳುಗಳು ಅವು. ಕಣ್ಣಿಗೆ ಕಾಣದ ಎಳೆಯೂ ಅವಕ್ಕೆ ಸಿಗುತ್ತದೆ. ನಡುವಿನಲ್ಲೇ ಇತ್ತು. ಉದ್ದ ಕೂದಲನ್ನು ಸುತ್ತಿ ಸಣ್ಣ ಗಂಟು ಮಾಡಿದ್ದರು. ಪಕ್ಕದಲ್ಲಿ ಉಗುರಿನ ಚೂರುಗಳು. ನುಚ್ಚಕ್ಕಿಯಂತೆ ಇದ್ದವು, ಒತ್ತಿದರೆ ಮಾತ್ರ ಒಡೆಯಲಿಲ್ಲ.

ಅಷ್ಟರಲ್ಲಿ ಅವಳ ಭುಜದ ಮೇಲಿಂದ ಸರೋಜಳ ಕೈ ಮುಂದೆ ಚಾಚಿತು. ಅದು ಪಾಯಸದ ಕಡೆಗೆ ಹೋಗುತ್ತಿತ್ತು. ಅದನ್ನು ಚಾಚಿಸಿದ್ದು ಹಸಿವೆಂದು ಸೀತುವಿಗೆ ಗೊತ್ತಾಯಿತು. ಹಸಿದ ಕೈಯನ್ನು ಅನ್ನದಿಂದ ತಡೆಯುವುದು ಮಹಾಪಾತಕ. ಹಾಗೆ ತಡೆಯಬೇಕಾದ ಅನ್ನವನ್ನು ಹಸಿದವರ ಮುಂದಿಡುವುದಕ್ಕೆ ಏನೆಂದು ಹೆಸರಿಡಬೇಕು?

ಸೀತು ಆ ಕೈಯನ್ನು ಹಿಡಿದಳು.

“ಬ್ಯಾಡ.”

“ಅಬ್ಬಿ, ಮೊಟ್ಟಿ...”

“ಬ್ಯಾಡ ಅಂದೆ.”

ಹರಿಣಾಕ್ಷಿಯಮ್ಮನ ದನಿ ತಗ್ಗಿತು. ತಗ್ಗಿದಷ್ಟೂ ಹರಿತವಾಯಿತು. “ನಿನ್ನಬ್ಬಿ ಉಂಡಿತ್ತ್. ನೀನೂ ಉಂಡದ್ದೇ. ಇವತ್ತೆಂತ ಹೊಸತ್, ಹೆಣೆ? ಆರ್ ಮನಿ ಚೀಲ ಜಗಲಿಲಿತ್ತ್. ನಾಕ್ ತುತ್ತ್ ಉಂಬುಕೆ ಇಷ್ಟ್ ಬಿಗುಮಾನವಾ?”

“ಉಂಡದ್ದ್ ಹೌದ್,” ಎಂದಳು ಸೀತು. “ಉಗುಳುಕೆ ಬಿಡ್ಲಿಲ್ಲ, ನುಂಗ್ದೆ. ಇವತ್ತ್ ಉಣ್ತಿಲ್ಲೆ. ನನ್ ಮಗಳೂ ಉಂಬುದಿಲ್ಲ.”

ಅವಳು ಎಲೆಯ ಎರಡು ತುದಿಗಳನ್ನು ಮಡಚಿ, ಎರಡು ಕೈಯಲ್ಲಿ ಎತ್ತಿಕೊಂಡು ಎದ್ದಳು. ಬಂದ ದಾರಿಯಲ್ಲಿ ತಿರುಗಲಿಲ್ಲ. ಹಟ್ಟಿಯ ಬಲಕ್ಕೆ ನಡೆದಳು. ಬಾವಿಕಟ್ಟೆ ದಾಟಿದಳು, ತುಳಸಿಕಟ್ಟೆ ದಾಟಿದಳು. ಗುಡಿಸುವುದಕ್ಕೆ ಮಾತ್ರ ಕಾಲಿಟ್ಟಿದ್ದ ಅಂಗಳವನ್ನು ಅಡ್ಡಹಾಯ್ದಳು. ಹಿಂದಿನಿಂದ ಹರಿಣಾಕ್ಷಿಯಮ್ಮ ಕರೆದರು. ನೆಂಟರಿಗೆ ಕೇಳಬಾರದೆಂದು ಮೆಲ್ಲಗೆ ಕರೆದರು. ಜಗಲಿಗೆ ಮೂರು ಮೆಟ್ಟಿಲು. ಅವಳ ಕುಲದ ಹೆಜ್ಜೆ ಆ ಮೆಟ್ಟಿಲ ಮೇಲೆ ಎಂದೂ ಬಿದ್ದಿರಲಿಲ್ಲ. ಹತ್ತಿದಳು. ಪಂಕ್ತಿಯ ಕೈಗಳು ಬಾಯಿಯ ಹತ್ತಿರ ನಿಂತವು.

ಮೂಲೆಯಲ್ಲಿ ಕೋಣೆಯಿಂದ ತಂದಿಟ್ಟ ಆರು ಚೀಲಗಳಿದ್ದವು. ಅವುಗಳ ಮುಂದೆ, ಹೊಳೆಯುವ ನೆಲದ ಮೇಲೆ, ಅವಳು ಎಲೆಯನ್ನು ಇಟ್ಟು ಬಿಡಿಸಿದಳು. ಕಲಸಿದ ಅನ್ನದ ಮೇಲೆ ಕೂದಲಿನ ಗಂಟು ಕಾಣುತ್ತಿತ್ತು. ರಾಜೀವರು ಬಿಳಿ ಪಂಚೆಯಲ್ಲಿ ಎದುರಿಗೆ ನಿಂತಿದ್ದರು.

“ಒಡೇರೆ, ಇದ್ ನಿಮ್ದ್,” ಎಂದಳು. ಚೀಲದ ಕಡೆ ಕೈ ತೋರಿಸಿದಳು. “ಅದ್ ನಮ್ದ್.”

ಪಂಕ್ತಿಯಲ್ಲಿದ್ದ ಮುದುಕಿಯೊಬ್ಬಳು ಎಲೆಯನ್ನು ನೋಡಿದಳು, ತನ್ನ ಎಲೆಯನ್ನು ನೋಡಿಕೊಂಡಳು, ಕೈ ಹಿಂದೆಗೆದಳು. ಯಾರೋ ಮೊಬೈಲು ಎತ್ತಿದರು. ರಾಜೀವರ ಕಣ್ಣು ಆ ಮೊಬೈಲಿನ ಕಡೆ ಹೊರಳಿತು. ಅವರು ಬದಿಗೆ ಸರಿದರು.

ಸೀತು ಒಂದು ಚೀಲ ಎತ್ತಿ ತಲೆಯ ಮೇಲಿಟ್ಟಳು. ಹೆಬ್ಬಾಗಿಲ ಹೊರಗೆ ಸುಬ್ಬ ಎದ್ದು ನಿಂತಿದ್ದ. ಅವನು ಬಹಳ ಹೊತ್ತು ನಿಂತೇ ಇದ್ದ ಹಾಗೆ ಅವಳಿಗೆ ಕಂಡಿತು. ಬಳಿಕ ಒಳಗೆ ಬಂದ. ಹೆಂಗಸರೂ ಬಂದರು. ಒಂದೊಂದೇ ಚೀಲ ಎದ್ದಿತು. ಯಾರೂ ಸೊಂಟ ಬಗ್ಗಿಸಿ ಕೇಳಲಿಲ್ಲ. ಸುಬ್ಬ ಮೆಟ್ಟಿಲು ಇಳಿಯುವಾಗ ರಾಜೀವರು ಅವನಿಗಷ್ಟೇ ಕೇಳುವಂತೆ ನುಡಿದರು.

“ದಾರಿ ಯಾರ್ ಜಾಗದಲ್ಲಿತ್ತ್ ಅಂದೇಳಿ ಗೊತ್ತಿತ್ತಲ್ದಾ, ಸುಬ್ಬ?”

ಸುಬ್ಬ ಅದನ್ನು ಗುಡ್ಡೆಯವರೆಗೂ ತಲೆಯ ಮೇಲಿನ ಚೀಲದ ಜೊತೆಗೇ ಹೊತ್ತು ತಂದ. ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ಸೀತು ಮೊಟ್ಟೆಗಳನ್ನು ನೀರಿಗೆ ಹಾಕಿ ನೋಡಿದಳು. ಮೂರು ವಾರ ಮುಚ್ಚಿದ ಕೋಣೆಯಲ್ಲಿ ಇದ್ದ ಮೊಟ್ಟೆಗಳು. ಹನ್ನೊಂದು ಕೆಟ್ಟು ತೇಲಿದವು. ಬೇಳೆಯಲ್ಲಿ ಹುಳು ಓಡಾಡುತ್ತಿತ್ತು. ಅವಳು ಮೊರದಲ್ಲಿ ಕೇರಿದಳು, ಚಾಪೆಯ ಮೇಲೆ ಹರವಿ ಹುಳು ಆರಿಸಿದಳು, ಉಳಿದದ್ದನ್ನು ಬೇಯಿಸಿದಳು. ಸರೋಜ ಎರಡು ಮೊಟ್ಟೆ ತಿಂದಳು. ತಿಂದ ಮೇಲೆ ತಾಯಿಯ ಮೊಣಕಾಲಿನ ಮೇಲೆ ತಲೆಯಿಟ್ಟು ಮಲಗಿದಳು.

ಮರುದಿನ ಹೊತ್ತೇರುವಾಗ ಕೆಳಗಿನಿಂದ ಸದ್ದು ಕೇಳಿಸಿತು. ಮೊದಲು ಗುಡುಗೆಂದುಕೊಂಡರು. ಸದ್ದು ನಿಲ್ಲಲಿಲ್ಲ. ಸುಬ್ಬ ಆಗ ಬಾಯಿಬಿಟ್ಟು, ಮೆಟ್ಟಿಲಲ್ಲಿ ಒಡೇರು ಆಡಿದ ಮಾತು ಹೇಳಿದ.

ಗುಡ್ಡೆಯ ಅಂಚಿಗೆ ಬಂದು ನೋಡಿದರೆ, ತೋಡಿನ ಪಕ್ಕದಲ್ಲಿ, ಕಾಲುದಾರಿ ಏರುವ ಬಾಯಿಯಲ್ಲಿ, ರಬ್ಬರಿನ ಸಾಲುಗಳ ನಡುವೆ ಜಾಡು ಮಾಡಿಕೊಂಡು ಬಂದ ಜೆಸಿಬಿ ಯಂತ್ರ ನಿಂತಿತ್ತು. ಕಂದಕದಂಥ ಅಗಳು ತೋಡುತ್ತಿತ್ತು. ಆಳೆತ್ತರದ ಅಗಳು ಒಂದು ಬದಿಯಿಂದ ದಾರಿಯ ಹತ್ತಿರ ಹತ್ತಿರ ಬರುತ್ತಿತ್ತು. ಇನ್ನು ನಾಲ್ಕು ಮಾರು. ದಾರಿ ಕಡಿದರೆ ಸಾಕು. ಮೊದಲ ಮಳೆಗೆ ತೋಡಿನ ನೀರು ಅಗಳಿಗೆ ನುಗ್ಗುತ್ತದೆ. ಆಮೇಲೆ ನಾಲ್ಕು ತಿಂಗಳು ಚೀಲ ಏರುವುದಿಲ್ಲ, ಚಂದನಾ ಏರುವುದಿಲ್ಲ. ಶ್ರಾವಣದಲ್ಲಿ ನೋವು ಬಂದರೆ ಸರೋಜ ಇಳಿಯುವುದಿಲ್ಲ. ಸೀತು ಕಡಲಿನ ಕಡೆ ನೋಡಿದಳು. ಮೋಡ ನೆಲ ಹಿಡಿದಿತ್ತು.

ಅವಳು ಮನೆಗೆ ಹೋದಳು. ತಟ್ಟೆಯಲ್ಲಿ ಅನ್ನ ಹಾಕಿದಳು, ಬೇಳೆ ಹಾಕಿದಳು, ಒಂದು ಮೊಟ್ಟೆ ಇಟ್ಟಳು. ತಟ್ಟೆ ಹಿಡಿದು ಇಳಿದಳು. ಯಂತ್ರದ ಹಲ್ಲು ಮುಂದೆ ಎಲ್ಲಿ ಬೀಳಬೇಕಿತ್ತೋ ಅಲ್ಲಿ, ದಾರಿಯ ನಟ್ಟನಡುವೆ, ಕಾಲು ಮಡಚಿ ಕುಳಿತು ಉಣ್ಣತೊಡಗಿದಳು.

ಯಂತ್ರ ಓಡಿಸುವ ಹುಡುಗ ತ್ರಾಸಿ ಊರಿನ ಅನೂಪ್. ಅವನು ಕಿಟಕಿಯಿಂದ ಬಗ್ಗಿ ಕೂಗಿದ.

“ಹ್ವಾಯ್, ಎಂತ ಮಾರಾಯ್ತಿ ಇದ್? ಮಣ್ಣ್ ಬೀಳತ್ತ್, ಏಳಿ.”

“ಉಣ್ತಿದ್ದೆ ಕಾಣ್.”

ಅನೂಪ್ ನೋಡಿದ. ತಟ್ಟೆ, ಕಲಸಿದ ಅನ್ನ, ಬಾಯಿಗೆ ಹೋಗುತ್ತಿದ್ದ ಕೈ. ಈ ಕರಾವಳಿಯಲ್ಲಿ ಊಟಕ್ಕೆ ಕುಳಿತವರನ್ನು ಯಾರೂ ಎಬ್ಬಿಸುವುದಿಲ್ಲ. ಸಾವಿನ ಸುದ್ದಿ ತಂದವನು ಕೂಡ ಕೈ ತೊಳೆಯುವವರೆಗೆ ಹೊರಗೆ ಕಾಯುತ್ತಾನೆ. ಸೀತುವಿನ ಜನರಿಗೆ ಮಾತ್ರ ಆ ಮರ್ಯಾದೆ ಎಂದೂ ಸಂದಿರಲಿಲ್ಲ. ಉಣ್ಣುತ್ತಿದ್ದಾಗಲೇ ಗೊಬ್ಬರ ಹೊರಲು ಎಬ್ಬಿಸಿದವರುಂಟು. ಅನೂಪ್ ಅಷ್ಟೆಲ್ಲ ಯೋಚಿಸಲಿಲ್ಲ. ಅವನ ಅಬ್ಬೆ ಕಲಿಸಿದ್ದು ಅವನ ಕೈಯಲ್ಲಿತ್ತು. ಕೈ ತಾನಾಗಿ ಕೀಲಿ ತಿರುಗಿಸಿತು. ಯಂತ್ರ ಆರಿತು.

“ಬೇಗ್ ಉಂಡ್ ಮುಗ್ಸಿ,” ಎಂದ.

ಸೀತು ಬೇಗ ಉಣ್ಣಲಿಲ್ಲ. ಒಂದು ತುತ್ತು ಕಲಸಿದಳು. ಅಗಿದಳು. ನುಂಗಿದಳು. ಕೈಯನ್ನು ತಟ್ಟೆಯಲ್ಲೇ ಇಟ್ಟಳು. ಇನ್ನೊಂದು ತುತ್ತು ಕಲಸಿದಳು. ಅನೂಪ್ ಕೆಳಗಿಳಿದು ಮೊಬೈಲಿನಲ್ಲಿ ಮಾತಾಡುತ್ತಿದ್ದ. ಉಣ್ಣುತ್ತಿದ್ದಾರೆ ಒಡೇರೆ ಎಂದ. ಊಟಕ್ಕೆ ಕೂತವರನ್ನು ಹೇಗೆ ಎಬ್ಬಿಸುವುದು ಎಂದ. ಆಚೆಯಿಂದ ಬಂದ ಮಾತು ಸೀತುವಿಗೆ ಕೇಳಿಸಲಿಲ್ಲ. ಹುಡುಗನ ಮುಖ ಬಿಳಿಚಿದ್ದು ಕಾಣಿಸಿತು. ಅವನು ಯಂತ್ರವನ್ನು ಹತ್ತಲಿಲ್ಲ. ದೂರ ಹೋಗಿ ಮರಕ್ಕೆ ಬೆನ್ನು ಹಾಕಿ ನಿಂತ.

ಮೇಲಿನಿಂದ ಸರೋಜ ಅನ್ನದ ಪಾತ್ರೆ ಹಿಡಿದು ಮೆಲ್ಲನೆ ಇಳಿದು ಬಂದಳು. ಅಬ್ಬೆಯ ಪಕ್ಕದಲ್ಲಿ ಕುಳಿತು ತಾನೂ ಬಡಿಸಿಕೊಂಡಳು. ಸುಬ್ಬನ ಹೆಂಡತಿ ಬಂದಳು. ಅವಳ ಹಿಂದೆ ಸುಬ್ಬ ತಟ್ಟೆ ಹಿಡಿದು ಬಂದ. ದಾರಿಗೆ ಅಡ್ಡವಾಗಿ ಒಂದು ಪಂಕ್ತಿಯಾಯಿತು. ಅಗಿಯುವ ಸದ್ದು ಮಾತ್ರ. ಕಡಲಿನ ಕಡೆಯಿಂದ ಗಾಳಿ ಎದ್ದಿತು, ರಬ್ಬರಿನ ಎಲೆಗಳು ಒಮ್ಮೆಲೇ ಮಗುಚಿದವು.

ಸೀತುವಿನ ತಟ್ಟೆಯಲ್ಲಿ ಎರಡು ತುತ್ತು ಉಳಿದಿತ್ತು.

ಯಂತ್ರ ಮಾಡಿದ ಜಾಡಿನಲ್ಲಿ, ತೋಟದ ತಿರುವಿನಲ್ಲಿ, ರಾಜೀವರ ಜೀಪು ಕಾಣಿಸಿತು. ಒಳಗೆ ಅವರೊಬ್ಬರೇ ಇರಲಿಲ್ಲ. ಅದು ಯಂತ್ರದ ಹಿಂದೆ ಬಂದು ನಿಂತಿತು. ಬಾಗಿಲುಗಳು ಒಂದರ ಹಿಂದೆ ಒಂದು ತೆರೆದವು. ಸುಬ್ಬನ ಕೈ ತಟ್ಟೆಯ ಮೇಲೆ ನಿಂತಿತು. ಸರೋಜ ತಾಯಿಯ ಮುಖ ನೋಡಿದಳು.

ಸೀತು ಆ ಎರಡು ತುತ್ತನ್ನೂ ಉಂಡಳು. ಬರಿದಾದ ತಟ್ಟೆಯನ್ನು ಮಗಳ ಕಡೆ ನೂಕಿದಳು.

“ಇನ್ನ್ ಚೂರ್ ಬಡ್ಸ್,” ಎಂದಳು.